‘ನಿಮ್ಮ ಕಾಲದ ಹಾಡಾ ಮೇಡಂ?’

ಪ್ರಶ್ನೆ ಹೀಗಿರುತ್ತದೆ: ‘ದಿನಾ ಹಳೇ ಹಾಡಿನ ಲಿಂಕನ್ನೇ ಕಳಿಸ್ತೀರಲ್ಲ, ಯಾಕೆ? ಹೊಸದು ಏನೂ ಕೇಳೋದೇ ಇಲ್ವಾ?’ ಕಚೇರಿಯಲ್ಲಿ ಕೇಳುತ್ತಾರೆ. ನೆಂಟರು ಫೋನಿನಲ್ಲಿ ಕೇಳುತ್ತಾರೆ. ಎಷ್ಟೋ ವರ್ಷದ ಮೇಲೆ ಸಿಕ್ಕ ಶಾಲೆಯ ಗೆಳತಿ, ಹೇಗಿದ್ದೀಯ ಅನ್ನುವುದಕ್ಕೂ ಮೊದಲು ಇದನ್ನೇ ಕೇಳಿದಳು. ಹೇಳಿ ಹೇಳಿ ನಾಲಿಗೆ ಸವೆದಿದೆ. ಇನ್ನು ಮೇಲೆ ಯಾರು ಕೇಳಿದರೂ ಈ ಬರಹವನ್ನೇ ಕಳಿಸುತ್ತೇನೆ.

ಉತ್ತರ ಚಿಕ್ಕದು. ಅವು ನನಗೆ ಹಳೆಯವಲ್ಲ. 1967ರ ಹಾಡನ್ನು ನಾನು ಹೋದ ಮಂಗಳವಾರ ಮೊದಲ ಸಲ ಕೇಳಿದ್ದರೆ, ನನ್ನ ಪಾಲಿಗೆ ಅದು ಹೋದ ಮಂಗಳವಾರದ ಹಾಡು. ಬಿಸಿ ಆರುವ ಮೊದಲೇ ಯಾರಿಗಾದರೂ ಕೇಳಿಸಬೇಕು ಅನ್ನಿಸುತ್ತದೆ, ಕಳಿಸುತ್ತೇನೆ. ಅಷ್ಟೇ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಆ ಪ್ರಶ್ನೆಯ ಬಾಲಕ್ಕೆ ಇನ್ನೊಂದು ಮಾತು ಅಂಟಿಕೊಂಡೇ ಬರುತ್ತದೆ: ‘ನಿಮ್ಮ ಕಾಲದ ಹಾಡಾ ಮೇಡಂ?’ ಅದು ನನಗೆ ಚುಚ್ಚುತ್ತದೆ. ವಯಸ್ಸಿನ ಮಾತಾಡಿದರು ಅಂತಲ್ಲ. ಲೆಕ್ಕವೇ ತಪ್ಪು ಅಂತ. ನಾನು ಕಳಿಸುವ ಹಾಡುಗಳಲ್ಲಿ ಮುಕ್ಕಾಲು ಪಾಲು ನಾನು ಹುಟ್ಟುವ ಮೊದಲೇ ಬಂದು, ಮೆರೆದು, ಮರೆತುಹೋದವು. ಅವುಗಳ ಜೊತೆ ನನ್ನ ಬಾಲ್ಯವಿಲ್ಲ, ಕಾಲೇಜಿಲ್ಲ, ಮೊದಲ ಪ್ರೀತಿಯೂ ಇಲ್ಲ. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕಂಡದ್ದು ಕೇಳಿದ್ದು ಮನಸ್ಸಿನಲ್ಲಿ ಆಳವಾಗಿ ಕೂರುತ್ತದೆ ಎಂದು ಮನಶ್ಶಾಸ್ತ್ರದವರು ಹೇಳುತ್ತಾರೆ. ನಿಜವೇ ಇರಬೇಕು, ನನಗೂ ಅಂಥ ಹಾಡುಗಳಿವೆ. ಆದರೆ ಅವನ್ನು ನಾನು ಯಾರಿಗೂ ಕಳಿಸುವುದಿಲ್ಲ. ಅವು ನನ್ನ ಖಾಸಗಿ ಪೆಟ್ಟಿಗೆಯಲ್ಲಿರುತ್ತವೆ, ಅವುಗಳಲ್ಲಿ ಹಾಡೆಷ್ಟು ನಾನೆಷ್ಟು ಎಂದು ನನಗೇ ಬಿಡಿಸಿ ಹೇಳಲು ಬರುವುದಿಲ್ಲ. ಕಳಿಸುವುದು ಇನ್ನೊಂದು ಬಗೆಯವನ್ನು: ನನ್ನ ನೆನಪಿನ ಊರುಗೋಲಿಲ್ಲದೆ ತಾನಾಗಿ ಎದ್ದು ನಿಂತು ನನ್ನನ್ನು ಹಿಡಿದವನ್ನು.

ಇದು ನನಗೊಬ್ಬಳಿಗೆ ಆಗುತ್ತಿರುವುದೂ ಅಲ್ಲ. ಜಪಾನಿನ ಮರಿಯಾ ತಾಕೆಉಚಿ 1984ರಲ್ಲಿ ‘ಪ್ಲಾಸ್ಟಿಕ್ ಲವ್’ ಎಂಬ ಹಾಡು ಹಾಡಿದರು. ಮೂವತ್ತಕ್ಕೂ ಹೆಚ್ಚು ವರ್ಷದ ನಂತರ ಯಾರೋ ಅಭಿಮಾನಿ ಅದನ್ನು ಯೂಟ್ಯೂಬಿಗೆ ಏರಿಸಿದರು. ಜಪಾನೀಸ್ ಒಂದಕ್ಷರವೂ ಬಾರದ, ಹಾಡು ಬಂದಾಗ ಹುಟ್ಟೇ ಇರದ ಕೋಟಿಗಟ್ಟಲೆ ಜನ ಅದನ್ನು ಕೇಳಿದರು. ಇಂಗ್ಲೆಂಡಿನ ಗಾಯಕಿ ಕೇಟ್ ಬುಷ್ ಅವರ ‘ರನ್ನಿಂಗ್ ಅಪ್ ದಟ್ ಹಿಲ್’ 1985ರಲ್ಲಿ ಬಂದಾಗ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೆ ನಿಂತಿತು. ಮೊದಲನೆಯ ಸ್ಥಾನ ಸಿಕ್ಕಿದ್ದು 2022ರಲ್ಲಿ, ಒಂದು ವೆಬ್ ಸರಣಿಯಲ್ಲಿ ಅದನ್ನು ಬಳಸಿದ ಮೇಲೆ. ನಡುವೆ ಮೂವತ್ತೇಳು ವರ್ಷ. ಅದನ್ನು ಮೇಲಕ್ಕೆ ಎತ್ತಿದ ಹುಡುಗ ಹುಡುಗಿಯರಿಗೆ ಹೋಗಿ ‘ನಿಮ್ಮ ಕಾಲದ ಹಾಡಾ?’ ಎಂದು ಕೇಳಿ ನೋಡಿ.

ಈಗ ಆ ದಿನದ ಸಂಗತಿ. ನಾನು ಇಷ್ಟು ಖಾರವಾಗಲು ಅದೇ ಕಾರಣ.

ಮಧ್ಯಾಹ್ನ ಊಟದ ಹೊತ್ತು, ಮೇಜಿನ ಸುತ್ತ ಏಳೆಂಟು ಜನ. ಬೆಳಿಗ್ಗೆ ನಾನು ಗುಂಪಿಗೆ ಒಂದು ಹಾಡು ಕಳಿಸಿದ್ದೆ, ಫೋರ್ ಟಾಪ್ಸ್ ಎಂಬ ಅಮೆರಿಕದ ತಂಡ 1967ರಲ್ಲಿ ಹಾಡಿದ ‘ಬರ್ನಡೆಟ್’. ಪಕ್ಕದ ವಿಭಾಗದವರೊಬ್ಬರು ‘ಮೇಡಂ ಅವರ ಮ್ಯೂಸಿಯಂ ಇವತ್ತು ಏನು ತೆರೆದಿದೆ ನೋಡೋಣ’ ಎಂದು ಫೋನನ್ನು ಮೇಜಿನ ಮೇಲಿಟ್ಟು ಹಾಡು ಹಚ್ಚಿದರು. ಫೋನಿನ ಸ್ಪೀಕರ್, ಸುತ್ತ ತಟ್ಟೆ ಚಮಚಗಳ ಸದ್ದು. ಹದಿನೈದು ಸೆಕೆಂಡು ಆಗಿರಬಹುದು. ನಿಲ್ಲಿಸಿದರು. ‘ಏನಿದೆ ಮೇಡಂ ಇದರಲ್ಲಿ? ಕಿರುಚಾಟ!’ ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕಿದ್ದಲ್ಲ, ಅದು ನನಗೆ ಗೊತ್ತು. ಆದರೂ ಅವತ್ತು ನನಗೆ ಅನ್ನ ಇಳಿಯಲಿಲ್ಲ.

ಅವತ್ತು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಸಾರ್, ನೀವು ಆ ಹಾಡು ಹಚ್ಚಲೇ ಇಲ್ಲ. ಆ ಹಾಡಿನ ಜೀವ ಇರುವುದು ಬೇಸ್ ಗಿಟಾರಿನಲ್ಲಿ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಫೋನಿನ ತಳದ ಉಗುರಿನಷ್ಟಗಲದ ಸ್ಪೀಕರಿಗೆ ಅಷ್ಟು ಕೆಳಗಿನ ದನಿಯನ್ನು ಎಬ್ಬಿಸುವ ಶಕ್ತಿಯೇ ಇಲ್ಲ, ಅದರೊಳಗೆ ಅದುರುವ ಅಷ್ಟು ಚಿಕ್ಕ ಪೊರೆ ಅಷ್ಟು ಗಾಳಿಯನ್ನು ತಳ್ಳಲಾರದು. ಹಾಗಾಗಿ ಮೇಲಿನ ದನಿ ಮಾತ್ರ ಉಳಿದು ಕಿರುಚಾಟದಂತೆ ಕೇಳಿಸುತ್ತದೆ. ತೇರಿನ ಗಾಲಿ ಕಳಚಿಟ್ಟು, ಯಾಕೆ ಓಡುತ್ತಿಲ್ಲ ಎಂದು ನನ್ನನ್ನು ಕೇಳಿದಿರಿ.

ಹಳೆಯ ಹಾಡುಗಳಿಗೆ ಇದು ಪದೇ ಪದೇ ಆಗುವ ಅನ್ಯಾಯ. ಅವು ಹೇಗೆ ಹುಟ್ಟಿದವು ಎಂಬುದನ್ನು ನೋಡದೆ ‘ಇದೇನು ಹೀಗೆ’ ಎಂದುಬಿಡುತ್ತೇವೆ. ‘ಅಷ್ಟು ಗಟ್ಟಿಯಾಗಿ ಯಾಕೆ ಹಾಡ್ತಾರೆ?’ 1925ಕ್ಕೆ ಮುಂಚಿನ ಧ್ವನಿಮುದ್ರಣಗಳಲ್ಲಿ ಮೈಕೇ ಇರಲಿಲ್ಲ, ಅದಕ್ಕೆ. ಹಾಡುವವರು ದೊಡ್ಡ ಕಹಳೆಯೊಂದರ ಬಾಯಿಗೆ ಹಾಡಬೇಕು, ಆ ದನಿಯ ಬಲದಿಂದಲೇ ಸೂಜಿ ಅಲುಗಿ ಮೇಣದಲ್ಲಿ ಗೆರೆ ಕೊರೆಯಬೇಕು. ಮೆಲ್ಲಗೆ ಹಾಡಿದರೆ ಗೆರೆಯೇ ಬೀಳದು. ಕಿವಿಯ ಹತ್ತಿರ ಬಂದು ಗುನುಗಿದ ಹಾಗೆ ಹಾಡುವ ಶೈಲಿ ಬಂದದ್ದು ವಿದ್ಯುತ್ ಮುದ್ರಣ, ಮೈಕು ಬಂದ ಮೇಲೆ. ‘ಅಷ್ಟು ಬೇಗ ಯಾಕೆ ಮುಗಿಯುತ್ತೆ?’ ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಕ್ಕಿಂತ ಹೆಚ್ಚು ಜಾಗವಿರಲಿಲ್ಲ. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದವರು ಆ ಮೂರು ನಿಮಿಷಕ್ಕೆ ತಮ್ಮನ್ನು ಹಿಂಡಿ ತುಂಬಿದರು. ‘ಗೊಂಬೆ ಮಾತಾಡಿದಂತೆ ದನಿ ಯಾಕೆ ಕೀಚಲು?’ ಬಹಳಷ್ಟು ಸಲ ಅದು ಹಾಡಿದವರ ತಪ್ಪಲ್ಲ. ಆರಂಭದ ತಟ್ಟೆಗಳೆಲ್ಲ ಸರಿಯಾಗಿ 78ರ ವೇಗದಲ್ಲೇ ಮುದ್ರಣವಾದವಲ್ಲ. ಕೆಲವನ್ನು ನಿಧಾನವಾಗಿ ತಿರುಗಿಸಿ ಮುದ್ರಿಸಿದ್ದರು. ಈಗ ಅವನ್ನು ಅಂತರ್ಜಾಲಕ್ಕೆ ಏರಿಸುವವರು 78ರಲ್ಲೇ ತಿರುಗಿಸಿದರೆ ಶ್ರುತಿ ಮೇಲೇರುತ್ತದೆ. ವೇಗವನ್ನು ತುಸು ಇಳಿಸಿ ಕೇಳಿ ನೋಡಿ, ಗೊಂಬೆ ಹೋಗಿ ಮನುಷ್ಯರು ಬರುತ್ತಾರೆ. ನಾನು ಮೊದಲ ಸಲ ಹಾಗೆ ಮಾಡಿದಾಗ ಕೈ ನಡುಗಿತ್ತು.

ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಅಂಥ ಕಹಳೆಯ ಮುಂದೆ ನಿಂತು ಹಾಡಿದರು. ಹಾಡು ಮುಗಿದ ಕೂಡಲೇ ಇಂಗ್ಲಿಷಿನಲ್ಲಿ ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳುತ್ತಾರೆ. ಆ ಮುದ್ರಣಗಳು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಿತ್ತು. ಅಲ್ಲಿಯ ಕೆಲಸಗಾರರಿಗೆ ಯಾರ ಹಾಡು ಯಾವುದು ಎಂದು ತಿಳಿಯಬೇಕಲ್ಲ, ಅದಕ್ಕಾಗಿ ಈ ಕೂಗು. ಕಾರಣ ಅಷ್ಟೇ, ಕಾರ್ಖಾನೆಯ ಅನುಕೂಲ. ಆದರೆ ನೂರಿಪ್ಪತ್ತು ವರ್ಷ ದಾಟಿದ ಮೇಲೆ, ರಾತ್ರಿ ಹನ್ನೊಂದಕ್ಕೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ನನಗೆ ಒಬ್ಬ ಹೆಂಗಸು ತನ್ನ ಹೆಸರನ್ನು ತಾನೇ ಹೇಳುತ್ತಾಳೆ. ಆ ದನಿಯಲ್ಲಿ ಎಂಥ ಠೀವಿ! ಹಾಡಿಗಿಂತ ಆ ನಾಲ್ಕೈದು ಶಬ್ದವನ್ನು ನಾನು ಹೆಚ್ಚು ಸಲ ಕೇಳಿದ್ದೇನೆ.

‘ಬರ್ನಡೆಟ್’ ಹಾಡನ್ನು ನಾನು ಅಕ್ಕನ ಮಗಳಿಗೂ ಕಳಿಸಿದ್ದೆ. ಅವಳಿಗೆ ಹದಿನೇಳು. ಎರಡು ದಿನ ಸುದ್ದಿಯಿಲ್ಲ. ಇವಳಿಗೂ ಹಿಡಿಸಲಿಲ್ಲ ಬಿಡು ಅಂದುಕೊಂಡೆ. ಮೂರನೆಯ ದಿನ ರಾತ್ರಿ ಫೋನ್ ಮಾಡಿದಳು. ‘ಚಿಕ್ಕಿ, ಹಾಡೋರು ಬಿಡು. ಕೆಳಗಡೆ ಒಬ್ಬ ಓಡಾಡ್ತಾ ಇದಾನಲ್ಲ, ಅವನು ಯಾರು?’

ಅವನು ಯಾರು. ಇಷ್ಟು ವರ್ಷದಲ್ಲಿ ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾದಿದ್ದ ಪ್ರಶ್ನೆ ಇದು, ಕೇಳುವವರೆಗೆ ಅದು ನನಗೂ ತಿಳಿದಿರಲಿಲ್ಲ. ಹಳೆಯದು ಯಾಕೆ ಅಂತಲ್ಲ. ಆ ಮೂರು ನಿಮಿಷದ ಒಳಗೆ ಇರುವವರು ಯಾರು?

ಬೇಸ್ ಗಿಟಾರ್ ನುಡಿಸಿದವರು, ಜೇಮ್ಸ್ ಜೇಮರ್ಸನ್ ಎಂದು ಹೇಳಿದೆ. ಆಮೇಲೆ ಒಂದೂವರೆ ಗಂಟೆ ಹೇಳುತ್ತಲೇ ಇದ್ದೆ, ಅವಳು ಫೋನಿಡಲಿಲ್ಲ. ಆ ಹಾಡು ಹೊರತಂದ, ಅಮೆರಿಕದ ಡೆಟ್ರಾಯ್ಟಿನ ಮೋಟೌನ್ ಎಂಬ ಕಂಪನಿಯ ಸ್ಟುಡಿಯೋ ಒಂದು ಸಾಧಾರಣ ಮನೆಯಲ್ಲಿತ್ತು. ಅಲ್ಲಿ ದಿನಗೂಲಿಯವರಂತೆ ಬಂದು ಒಂದರ ಹಿಂದೊಂದು ಹಾಡಿಗೆ ನುಡಿಸುತ್ತಿದ್ದ ವಾದ್ಯಗಾರರ ಗುಂಪು ಒಂದಿತ್ತು, ಜೇಮರ್ಸನ್ ಅವರಲ್ಲೊಬ್ಬರು, ತಮ್ಮನ್ನು ಫಂಕ್ ಬ್ರದರ್ಸ್ ಎಂದು ಕರೆದುಕೊಳ್ಳುತ್ತಿದ್ದರು. ಅರವತ್ತರ ದಶಕದಲ್ಲಿ ಜಗತ್ತೆಲ್ಲ ಕುಣಿದದ್ದು ಇವರ ಕೈಗಳಿಗೆ. ತಟ್ಟೆಯ ಮೇಲೆ ಹಾಡಿದವರ ಹೆಸರಿತ್ತು, ಬರೆದವರ ಹೆಸರಿತ್ತು, ಇವರದಿರಲಿಲ್ಲ. 1971ರಲ್ಲಿ ಅದೇ ಕಂಪನಿಯ ಗಾಯಕ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಂ ಬಂದಾಗ ಹೊದಿಕೆಯ ಮೇಲೆ ಕೊನೆಗೂ ಅವರ ಹೆಸರು ಅಚ್ಚಾಯಿತು. ಜೇಮರ್ಸನ್ ಬಲಗೈಯ ತೋರುಬೆರಳು ಒಂದರಿಂದಲೇ ತಂತಿ ಮೀಟುತ್ತಿದ್ದರು. ಅವಳು ಕೆಳಗಡೆ ಓಡಾಡುತ್ತಿದ್ದಾನೆ ಅಂದಳಲ್ಲ, ಅದಷ್ಟೂ ಆ ಒಂದು ಬೆರಳಿನ ಓಡಾಟ. 1983ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ದೊಡ್ಡ ಸಂಗೀತಗಾರರಿಗೆ ಗೌರವದ ಸ್ಥಾನ ಕೊಡುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ. ‘ಅಂದ್ರೆ ಅವರಿಗೆ ಗೊತ್ತೇ ಆಗ್ಲಿಲ್ವಾ?’ ಎಂದಳು. ನಾನು ಸುಮ್ಮನಿದ್ದೆ.

ಹಳೆಯದೆಲ್ಲ ಹೊನ್ನು ಎಂದು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ. ಆಗಲೂ ರಾಶಿ ರಾಶಿ ಜೊಳ್ಳು ಬರುತ್ತಿತ್ತು, ಅದು ಗಾಳಿಗೆ ಹಾರಿಹೋಯಿತು. ಆದರೆ ತೂರುವಾಗ ಎಷ್ಟೋ ಗಟ್ಟಿ ಕಾಳೂ ಜೊಳ್ಳಿನ ಜೊತೆ ಆಚೆ ಬಿದ್ದಿತು. ಅದನ್ನು ಹೆಕ್ಕಿ ತಂದವರು ಯಾರೋ ಹೆಸರಿಲ್ಲದ ಅಭಿಮಾನಿಗಳು, ತಮ್ಮ ಮನೆಯ ತಟ್ಟೆಯನ್ನು ಒರೆಸಿ, ಕ್ಯಾಸೆಟ್ಟನ್ನು ತಿರುವಿ, ಅಂತರ್ಜಾಲಕ್ಕೆ ಏರಿಸಿದವರು. ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿ 78ರ ತಟ್ಟೆಗಳ ದೊಡ್ಡ ಭಂಡಾರವೇ ಇದೆ, ಸೂಜಿಯ ಕರಕರ ಸದ್ದು ಸಮೇತ. ಕೆಲವು ದಿನ ನಾನು ಅಲ್ಲಿ ಹೊಕ್ಕರೆ ಊಟದ ಹೊತ್ತೂ ತಿಳಿಯುವುದಿಲ್ಲ.

ಅವಸರಪಟ್ಟು ಕಳಿಸುವುದಕ್ಕೂ ಕಾರಣವಿದೆ. ಇವು ಉಳಿಯುವುದಿಲ್ಲ. ಹಕ್ಕಿನವರು ಬಂದು ತೆಗೆಸುತ್ತಾರೆ, ಏರಿಸಿದವರು ಖಾತೆ ಮುಚ್ಚುತ್ತಾರೆ, ಇಲ್ಲವೇ ತೀರಿಹೋಗುತ್ತಾರೆ. ನನ್ನ ಪ್ಲೇಲಿಸ್ಟಿನಲ್ಲಿ ಎಷ್ಟೋ ಕಡೆ ಈಗ ಬೂದು ಬಣ್ಣದ ಖಾಲಿ ಚೌಕವಿದೆ, ‘ಈ ವಿಡಿಯೊ ಲಭ್ಯವಿಲ್ಲ’ ಎಂದು. ಅಲ್ಲಿ ಯಾವ ಹಾಡಿತ್ತು ಎಂಬುದೂ ತೋರಿಸುವುದಿಲ್ಲ. ಇತ್ತೀಚೆಗೆ ನಾನು ಹಾಡು, ಹಾಡಿದವರು, ವರ್ಷ, ಸಿಕ್ಕರೆ ನುಡಿಸಿದವರು, ಎಲ್ಲವನ್ನೂ ಒಂದು ನೋಟ್‌ಪುಸ್ತಕದಲ್ಲಿ ಕೈಯಾರೆ ಬರೆದಿಡುತ್ತಿದ್ದೇನೆ. ನುಡಿಸಿದವರ ಅಂಕಣವೇ ಹೆಚ್ಚು ಖಾಲಿ.

ಕಳೆದ ವಾರ ಅಕ್ಕನ ಮಗಳಿಂದ ಒಂದು ಲಿಂಕ್ ಬಂತು. ರೋಲಿಂಗ್ ಸ್ಟೋನ್ಸ್, ‘ಗಿಮ್ಮಿ ಶೆಲ್ಟರ್’, 1969. ಅದನ್ನು ನಾನು ನೂರು ಸಲ ಕೇಳಿದ್ದೇನೆ. ಕೆಳಗೆ ಬರೆದಿದ್ದಳು: ‘ಮೂರನೇ ನಿಮಿಷದ ಹತ್ತಿರ ಹೆಡ್‌ಫೋನ್‌ನಲ್ಲಿ ಕೇಳು ಚಿಕ್ಕಿ. ಅವಳ ಗಂಟಲು ಒಡೆಯುತ್ತೆ. ಹಿಂದೆ ಯಾರೋ ಹೋ ಅಂತಾರೆ.’

ಕೇಳಿದೆ. ಹೌದು, ದನಿ ಸೀಳುತ್ತದೆ, ಮತ್ತೆ ಸೀಳುತ್ತದೆ. ಹಿಂದಿನಿಂದ ಬೆರಗಿನ ಕೂಗೊಂದು, ತಂಡದ ಮುಖ್ಯ ಗಾಯಕ ಮಿಕ್ ಜ್ಯಾಗರ್ ಅವರದು. ನೂರು ಸಲ ಕೇಳಿಯೂ ಆ ಕೂಗು ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ಗಂಟಲು ಒಡೆದು ಹಾಡಿದಾಕೆ ಮೆರಿ ಕ್ಲೇಟನ್. ಗರ್ಭಿಣಿ, ಮಲಗುವ ಹೊತ್ತಿನಲ್ಲಿ ಕರೆ ಬಂದು ಸ್ಟುಡಿಯೋಗೆ ಹೋಗಿ ಹಾಡಿ ಬಂದವರು. ತಟ್ಟೆಯ ಹೊದಿಕೆಯ ಮೇಲೆ ಅವರ ಹೆಸರನ್ನು ‘ಮೇರಿ’ ಎಂದು ತಪ್ಪಾಗಿ ಅಚ್ಚು ಹಾಕಿದ್ದರು. ನೋಟ್‌ಪುಸ್ತಕದಲ್ಲಿ ಸರಿಯಾಗಿ ಬರೆದುಕೊಂಡೆ, ಆಮೇಲೆ ಅವಳಿಗೆ ಫೋನ್ ಮಾಡಿದೆ.