ಹಾಜರಿ ಹಾಳೆಯ ಕೊನೆಯ ಕಾಲಂ

ಬೆಳಿಗ್ಗೆ 9 ಗಂಟೆ 35 ನಿಮಿಷ. ನವೆಂಬರಿನ ಶನಿವಾರ. ಲೆಸ್ಟರ್ ಊರಿನ ಅಂಚಿನಲ್ಲಿರುವ ಒಂದು ಹಳೆಯ ಚರ್ಚಿನ ಹಿಂದೆ, ಗೋರಿಗಳ ಮೇಲೆ ಬೆಳೆದ ಮುಳ್ಳುಪೊದೆಯನ್ನು ಏಳು ಜನ ಕಡಿಯುತ್ತಿದ್ದರು. ಎಲ್ಲರ ಮೈಮೇಲೂ ಕಿತ್ತಳೆ ಬಣ್ಣದ ಜಾಕೆಟ್. ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಕಮ್ಯುನಿಟಿ ಪೇಬ್ಯಾಕ್’. ಎಂಟನೆಯವನು ಆಗ ಬಂದು ಗೇಟಿನ ಹೊರಗೆ ನಿಂತ.

ಆ ಗುಂಪಿಗೆ ನಾನು ಸೂಪರ್‌ವೈಸರ್. ಇಂಗ್ಲೆಂಡಿನಲ್ಲಿ ಕೋರ್ಟು ತಪ್ಪು ಮಾಡಿದ ಎಲ್ಲರನ್ನೂ ಜೈಲಿಗೆ ಕಳಿಸುವುದಿಲ್ಲ. ಎಷ್ಟೋ ಜನರಿಗೆ ಸಂಬಳವಿಲ್ಲದ ಕೆಲಸದ ಶಿಕ್ಷೆ ಕೊಡುತ್ತದೆ. ಕಡಿಮೆ ಎಂದರೆ 40 ಗಂಟೆ, ಹೆಚ್ಚೆಂದರೆ 300 ಗಂಟೆ. ಸಾಮಾನ್ಯವಾಗಿ 12 ತಿಂಗಳೊಳಗೆ ಮುಗಿಸಬೇಕು. ಗಂಟೆ ಎಷ್ಟು ಅಂತ ಹೇಳುವುದು ಕೋರ್ಟು. ಎಲ್ಲಿ, ಯಾವ ದಿನ, ಯಾವ ಕೆಲಸ ಅಂತ ನೋಡುವುದು ಪ್ರೊಬೇಷನ್‌ನವರು, ಅಂದರೆ ಜೈಲಿನ ಹೊರಗೆ ಶಿಕ್ಷೆ ಮುಗಿಸುವವರನ್ನು ನೋಡಿಕೊಳ್ಳುವ ಇಲಾಖೆಯವರು. ಬೆನ್ನು ನೋವಿದೆಯಾ, ವಾರದಲ್ಲಿ ನೌಕರಿ ಇದೆಯಾ, ಮನೆಯಲ್ಲಿ ಚಿಕ್ಕ ಮಗು ಇದೆಯಾ, ಅವರ ತಪ್ಪಿನಿಂದ ತೊಂದರೆಗೆ ಒಳಗಾದವರ ಮನೆ ಹತ್ತಿರದಲ್ಲಿದೆಯಾ, ಎಲ್ಲ ವಿಚಾರಿಸಿ ಆಮೇಲೆ ನನ್ನಂಥವರ ಗುಂಪಿಗೆ ಸೇರಿಸುತ್ತಾರೆ.

ಗೇಟಿನ ಹತ್ತಿರ ನಿಂತ ಹುಡುಗನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಅವನಿಗೆ 120 ಗಂಟೆ. ಎಂಬತ್ತರ ಹತ್ತಿರ ಮುಗಿಸಿದ್ದ. ಮಾತು ಕಡಿಮೆ, ಕೆಲಸ ಚೊಕ್ಕ. ಆದರೆ ಒಂದು ಶನಿವಾರ ಬಾರದೆ, ಕಾರಣವನ್ನೂ ಹೇಳದೆ, ಆಗಲೇ ಒಂದು ಎಚ್ಚರಿಕೆ ಪತ್ರ ಪಡೆದಿದ್ದ. 12 ತಿಂಗಳೊಳಗೆ ಸರಿಯಾದ ಕಾರಣವಿಲ್ಲದೆ ಎರಡನೇ ಸಲ ತಪ್ಪಿದರೆ ಅದು ‘ಬ್ರೀಚ್’, ಕೋರ್ಟಿನ ಆದೇಶ ಮುರಿದಂತೆ. ಮತ್ತೆ ಕೋರ್ಟು. ಗಂಟೆ ಜಾಸ್ತಿ ಮಾಡಬಹುದು, 2,500 ಪೌಂಡ್‌ವರೆಗೆ ದಂಡ ಹಾಕಬಹುದು, ಹೊಸದಾಗಿ ಶಿಕ್ಷೆ ವಿಧಿಸಿ ಜೈಲಿಗೂ ಕಳಿಸಬಹುದು.

ನಮ್ಮ ಗುಂಪಿನಲ್ಲಿ 9.15ರ ನಂತರ ಯಾರನ್ನೂ ಸೇರಿಸುವಂತಿಲ್ಲ. ಆ ಹೊತ್ತಿಗೆ ಸಾಮಾನು ಎಣಿಸಿ ಕೊಟ್ಟಿರುತ್ತೇವೆ, ಹೇಗೆ ಬಳಸಬೇಕು ಅಂತ ಸುರಕ್ಷತೆಯ ಮಾತು ಮುಗಿದಿರುತ್ತದೆ. ಅದನ್ನು ಕೇಳದವನ ಕೈಗೆ ಕೊಂಬೆ ಕತ್ತರಿಸುವ ದೊಡ್ಡ ಕತ್ತರಿ ಕೊಡಲಾಗುವುದಿಲ್ಲ.

“ಸಾರಿ ಮಿಸ್” ಅಂದ.

“ಯಾಕೆ ತಡವಾಯ್ತು?”

ನೆಲ ನೋಡಿದ. ಹೇಳಲಿಲ್ಲ. ಇನ್ನೊಂದು ಸಲ ಕೇಳಿದೆ. “ಬಿಡಿ ಮಿಸ್, ಬರೆದುಕೊಳ್ಳಿ” ಅಂದು ತಿರುಗಿ ಹೊರಟುಬಿಟ್ಟ.

ನನ್ನ ಕೈಯಲ್ಲಿ ಹಾಜರಿ ಹಾಳೆ ಇತ್ತು. ನನ್ನ ಅಪ್ಪ ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ದಿನಾ ಬೆಳಿಗ್ಗೆ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ, ಬರೆಯುವುದು ಅವರ ಕೆಲಸ. ಅವರ ಒಂದು ಗೀಟಿನ ಮೇಲೆ ಒಬ್ಬರ ಮನೆಯ ಅರ್ಧ ದಿನದ ಕೂಲಿ ನಿಂತಿರುತ್ತಿತ್ತು. ಗೀಟು ಎಳೆಯುವ ಮೊದಲು ಅಪ್ಪ ತಲೆಯೆತ್ತಿ ಎದುರಿನವರನ್ನು ಒಂದು ಸಲ ನೋಡುತ್ತಿದ್ದರು. ನನಗೂ ಅದೇ ಅಭ್ಯಾಸ. ಹುಡುಗ ಹೋಗುವುದನ್ನು ನೋಡಿದೆ. ಮಳೆ ಇರಲಿಲ್ಲ. ಆದರೂ ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು. ಬೂಟಿಗೆ ಕೆಸರು, ಹುಲ್ಲಿನ ಎಸಳು.

ಹಾಳೆಯಲ್ಲಿ ‘20 ನಿಮಿಷ ತಡ, ವಾಪಸ್ ಕಳಿಸಲಾಗಿದೆ, ಕಾರಣ ಹೇಳಲಿಲ್ಲ’ ಅಂತ ಬರೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೊನೆಯ ಕಾಲಂನಲ್ಲಿ ಇನ್ನೊಂದು ಸಾಲು ಸೇರಿಸಿದೆ: ‘ಪ್ಯಾಂಟು ಮೊಣಕಾಲವರೆಗೆ ಒದ್ದೆ, ಬಹಳ ದೂರ ನಡೆದು ಬಂದಂತೆ ಕಾಣುತ್ತದೆ.’

ಉಳಿದ ದಿನ ಮಾಮೂಲಿನಂತೆ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಮುಳ್ಳಿನ ಅಡಿಯಿಂದ ಒಂದು ಮಗುವಿನ ಗೋರಿಕಲ್ಲು ಕಾಣಿಸಿತು. ಗುಂಪಿನ ಹಿರಿಯನೊಬ್ಬ, ಅಲ್ಲಿಯವರೆಗೆ ಎಲ್ಲದಕ್ಕೂ ಗೊಣಗುತ್ತಿದ್ದವನು, ಅದರ ಸುತ್ತಲಿನ ಹುಲ್ಲನ್ನು ಕೈಯಲ್ಲೇ ಕಿತ್ತ. ಸಂಜೆ ಕತ್ತರಿ, ಗುದ್ದಲಿ, ಕೈಗವಸು ಎಲ್ಲ ಎಣಿಸಿ ವ್ಯಾನಿಗೆ ಹಾಕಿದೆವು.

ಮಂಗಳವಾರ ಹುಡುಗನ ಪ್ರೊಬೇಷನ್ ಆಫೀಸರ್ ಫೋನ್ ಮಾಡಿದರು. ತಪ್ಪಿದ್ದಕ್ಕೆ ಕಾರಣ ಒಪ್ಪಬೇಕೋ ಬೇಡವೋ ಅಂತ ತೀರ್ಮಾನಿಸುವುದು ಅವರು, ನಾನಲ್ಲ. “ನೀವು ಬರೆದ ಒದ್ದೆ ಪ್ಯಾಂಟಿನ ಸಾಲು ನೋಡಿ ಕರೆದು ಕೂರಿಸಿಕೊಂಡೆ” ಅಂದರು. ಹುಡುಗ ಮನೆ ಬಿಟ್ಟು ಎರಡು ವಾರವಾಗಿತ್ತಂತೆ. ಊರಿನ ಆ ತುದಿಯಲ್ಲಿ ಗೆಳೆಯನ ಮನೆಯ ಸೋಫಾದ ಮೇಲೆ ಮಲಗುತ್ತಿದ್ದ. ಬಸ್ಸಿಗೆ ಕಾಸಿಲ್ಲ. ಕತ್ತಲಿರುವಾಗಲೇ ಎದ್ದು ಕಾಲುವೆಯ ಪಕ್ಕದ ದಾರಿಯಲ್ಲಿ ಆರು ಮೈಲಿ ನಡೆದು ಬಂದಿದ್ದ. ವಿಳಾಸ ಬದಲಾಗಿದ್ದನ್ನು ಹೇಳದಿದ್ದರೆ ಅದೂ ತಪ್ಪಾಗುತ್ತದೆ, ಹೇಳಿದರೆ ಗೆಳೆಯನಿಗೆ ತೊಂದರೆ ಅಂತ ಹೆದರಿ ಬಾಯಿ ಮುಚ್ಚಿಕೊಂಡಿದ್ದ. ಆಫೀಸರ್ ಆ ದಿನದ ಗೈರನ್ನು ಮನ್ನಿಸಿದರು. ಹೊಸ ವಿಳಾಸ ಬರೆದುಕೊಂಡು, ನಡೆದೇ ಹೋಗಬಹುದಾದ ಬೇರೆ ಗುಂಪಿಗೆ ಹಾಕಿದರು. ಮನೆಯ ವಿಷಯಕ್ಕೆ ಯಾರನ್ನು ನೋಡಬೇಕು ಅಂತ ತಿಳಿಸಿದರು. ನಾನು ಅವನನ್ನು ಮತ್ತೆ ನೋಡಲಿಲ್ಲ.

ಎಲ್ಲರ ಕಥೆಯೂ ಹೀಗಿರುವುದಿಲ್ಲ. ಅದೇ ಚಳಿಗಾಲದಲ್ಲಿ ಇನ್ನೊಬ್ಬನ ಎರಡನೇ ಗೈರನ್ನು ನಾನೇ ಬರೆದೆ. ಆಫೀಸರ್ ಕೇಳಿದಾಗ ಅವನ ಬಳಿ ಕಾರಣ ಇರಲಿಲ್ಲ. ಕೋರ್ಟು ಗಂಟೆ ಹೆಚ್ಚಿಸಿತು. ವಾಪಸ್ ಬಂದವನು ತಿಂಗಳುಗಟ್ಟಲೆ ನನ್ನ ಮುಖ ನೋಡಲಿಲ್ಲ. ಅದನ್ನು ಬರೆದದ್ದಕ್ಕೂ ನನಗೆ ಬೇಸರವಿಲ್ಲ. ಪ್ರತಿ ಶನಿವಾರ ಮಳೆಯಲ್ಲಿ ನೆನೆದು ಬರುವ ಉಳಿದವರಿಗೆ ಅಷ್ಟು ನ್ಯಾಯ ಸಲ್ಲಬೇಕು, ಅಲ್ವಾ?

ಈ ಪದ್ಧತಿ ಇಲ್ಲಿ ಸುಮ್ನೆ ನೆಲೆಯೂರಿಲ್ಲ. ಸಮಾಜಶಾಸ್ತ್ರಜ್ಞೆ ಬಾರ್ಬರಾ ವೂಟನ್ ಅವರ ಸಮಿತಿ 1970ರಲ್ಲಿ ಇದನ್ನು ಸೂಚಿಸಿತು. 1972ರಲ್ಲಿ ಕಾನೂನಾಯಿತು. ಮೊದಲು ಆರೇ ಪ್ರದೇಶಗಳಲ್ಲಿ ಮಾಡಿ ನೋಡಿದರು, ನಮ್ಮ ಪಕ್ಕದ ನಾಟಿಂಗ್‌ಹ್ಯಾಮ್‌ಶೈರ್ ಅದರಲ್ಲಿ ಒಂದು. 2014ರಲ್ಲಿ ಪ್ರೊಬೇಷನ್ ಕೆಲಸವನ್ನು ಎರಡಾಗಿ ಒಡೆದು ಒಂದು ಭಾಗವನ್ನು ಕಂಪನಿಗಳಿಗೆ ಕೊಟ್ಟರು. 2021ರಲ್ಲಿ ಮತ್ತೆ ಒಂದು ಮಾಡಿದರು.

ಇದೆಲ್ಲ ನೆನಪಾಗಲು ಕಾರಣ ತಮ್ಮನ ಫೋನ್. ಅವನು ಹಾಸನದಲ್ಲಿ ವಕೀಲ.

“ಅಕ್ಕ, ನಮ್ಮಲ್ಲೂ ಬಂತಲ್ಲ ಸಮುದಾಯ ಸೇವೆ. ನಿಮ್ಮಲ್ಲಿ ಹೇಗೆ ನಡೆಸ್ತೀರಾ?”

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿದೆ. ಕುಡಿದು ಬೀದಿಯಲ್ಲಿ ರಂಪ ಮಾಡಿದವರಿಗೆ, ಮೊದಲ ಸಲ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಹಿಂದಿರುಗಿಸಿದವರಿಗೆ ಇಂಥ ಶಿಕ್ಷೆಗೆ ಅದರಲ್ಲಿ ಅವಕಾಶವಿದೆ. ಎಷ್ಟು ಗಂಟೆ, ಲೆಕ್ಕ ಇಡುವವರು ಯಾರು ಅಂತ ಆ ಸೆಕ್ಷನ್‌ಗಳಲ್ಲಿ ಬರೆದಿಲ್ಲ. ಪ್ರೊಬೇಷನ್ ಆಫೀಸರ್‌ಗಳು ಭಾರತಕ್ಕೆ ಹೊಸಬರಲ್ಲ, ಅದರ ಕಾನೂನು 1958ರದ್ದು.

“ಪೊರಕೆ ಎಲ್ಲಿ ಬೇಕಾದರೂ ಸಿಗುತ್ತೆ ಕಣೋ” ಅಂದೆ. “ಪುಸ್ತಕ ಹಿಡಿದು ನಿಲ್ಲೋರು ಬೇಕು. ಬಾರದಿದ್ದರೆ ಯಾಕೆ ಅಂತ ಕೇಳೋರು ಬೇಕು. ಅದನ್ನು ಕೋರ್ಟಿಗೆ ಹೇಳೋರು ಬೇಕು. ಇಲ್ಲದಿದ್ದರೆ ಒಂದು ದಿನ ಗುಡಿಸಿ ಫೋಟೋ ತೆಗೆಸಿಕೊಂಡು ಮನೆಗೆ ಹೋಗ್ತಾರೆ.”

“ಹಾಗಾದ್ರೆ ನಿಮ್ಮ ಹಾಳೆ ಹೇಗಿರುತ್ತೆ, ಕಳಿಸು” ಅಂದ.

ಆಫೀಸಿನ ಹಾಳೆ ಕಳಿಸುವಂತಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಬಿಳಿ ಕಾಗದ ಇಟ್ಟುಕೊಂಡು ಕೈಯಲ್ಲೇ ಗೆರೆ ಎಳೆದೆ. ಹೆಸರು, ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಸಹಿ. ಕೊನೆಯ ಕಾಲಂ ಮಾತ್ರ ಉಳಿದವಕ್ಕಿಂತ ಎರಡರಷ್ಟು ಅಗಲ ಬಿಟ್ಟೆ.