ಹಸಿದವರಿಗೆ ಊಟ ಕೊಡಲು ಸಂಶೋಧನೆ ಯಾಕೆ ಬೇಕು?

ಆರೋಗ್ಯ ನೀತಿಗೆ ಸಂಶೋಧನೆಯ ಆಧಾರವಿರಬೇಕು ಎಂದು ಎಲ್ಲಿ ಮಾತನಾಡಿದರೂ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಒಳ್ಳೆಯ ಮನಸ್ಸಿನವರು, ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. "ಹೊಟ್ಟೆಗೆ ಸರಿಯಾಗಿ ಬಿದ್ದರೆ ಕಾಯಿಲೆ ಕಡಿಮೆಯಾಗುತ್ತದೆ ಎಂಬುದು ನಮ್ಮ ಅಜ್ಜಿಗೂ ಗೊತ್ತಿತ್ತು. ಅದಕ್ಕೆ ವರ್ಷಗಟ್ಟಲೆ ಅಧ್ಯಯನ ಯಾಕೆ? ಆ ದುಡ್ಡಿಗೆ ಅಕ್ಕಿಯನ್ನೇ ಕೊಡಬಾರದೇ?"

ಸಿಟ್ಟು ನನಗೂ ಇದೆ. ಆದರೂ ಅಧ್ಯಯನ ಬೇಕು ಎನ್ನುತ್ತೇನೆ. ಯಾಕೆ ಎನ್ನುವುದಕ್ಕೆ ನಮ್ಮ ದೇಶದ ಕ್ಷಯರೋಗದ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1950ರ ದಶಕದಲ್ಲಿ ಎಲ್ಲರಿಗೂ 'ಗೊತ್ತಿದ್ದ' ಸಂಗತಿ ಏನೆಂದರೆ, ಕ್ಷಯ ವಾಸಿಯಾಗಲು ಸ್ಯಾನಟೋರಿಯಂ, ಅಂದರೆ ಕ್ಷಯರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಪ್ರತ್ಯೇಕ ಆಸ್ಪತ್ರೆ ಬೇಕು. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ತೀರಾ ಕಡಿಮೆ. ಅಂದರೆ ಬಡವನಿಗೆ ಚಿಕಿತ್ಸೆಯೇ ಇಲ್ಲವೆಂದು ಅರ್ಥ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿತು. ಕೆಲವು ರೋಗಿಗಳು ಸ್ಯಾನಟೋರಿಯಂಗೆ ಹೋದರು, ಇನ್ನು ಕೆಲವರು ಇಕ್ಕಟ್ಟಾದ ಮನೆಗಳಲ್ಲೇ ಉಳಿದು, ಸಿಕ್ಕಷ್ಟು ಉಂಡು, ಅದೇ ಮಾತ್ರೆಗಳನ್ನು ತೆಗೆದುಕೊಂಡರು. ಒಂದು ವರ್ಷದ ನಂತರ ಎರಡೂ ಗುಂಪುಗಳಲ್ಲಿ ವಾಸಿಯಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಮನೆಯಲ್ಲೇ ಇದ್ದವರಿಂದ ಮನೆಮಂದಿಗೆ ರೋಗ ಹೆಚ್ಚಾಗಿ ಹರಡಿಯೂ ಇರಲಿಲ್ಲ. 1959ರಲ್ಲಿ ಫಲಿತಾಂಶ ಪ್ರಕಟವಾದ ಮೇಲೆ, ಹಾಸಿಗೆ ಸಿಗುವ ತನಕ ಕಾಯಬೇಕು ಎಂಬ ನಿಯಮಕ್ಕೆ ನೆಲೆಯೇ ಉಳಿಯಲಿಲ್ಲ.

ಅದರ ಬೆನ್ನಲ್ಲೇ ನಮ್ಮ ತುಮಕೂರಿನಲ್ಲಿ ನಡೆದ ಅಧ್ಯಯನ ನನಗೆ ಇನ್ನೂ ಹೆಚ್ಚು ಪ್ರಿಯವಾದದ್ದು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆಗತಾನೇ ತಲೆಯೆತ್ತಿತ್ತು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಯ ಕಡೆ ತಲೆಹಾಕುವುದಿಲ್ಲ ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಅಲ್ಲಿನ ಸಮಾಜ ವಿಜ್ಞಾನಿ ದೇಬಬರ್ ಬ್ಯಾನರ್ಜಿ ಮತ್ತು ಅವರ ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗ ಪತ್ತೆಯಾದವರನ್ನೇ ಕೇಳಿಸಿದರು. ನಿಮಗೆ ಏನಾಗುತ್ತಿದೆ ಎಂದು ಗೊತ್ತಿತ್ತೇ? ಏನು ಮಾಡಿದಿರಿ? 1963ರಲ್ಲಿ ಪ್ರಕಟವಾದ ಉತ್ತರ ಸರ್ಕಾರಿ ವ್ಯವಸ್ಥೆಯ ಮುಖಕ್ಕೇ ಕನ್ನಡಿ ಹಿಡಿಯಿತು. ಬಹುಪಾಲು ಜನರಿಗೆ ತಮ್ಮ ರೋಗಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರ ಕಫ ಪರೀಕ್ಷಿಸುವ ಬದಲು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗುತ್ತಿತ್ತು. ತಪ್ಪು ಯಾರದ್ದೆಂದು ತೀರ್ಮಾನಿಸಿದ್ದು ಈ ಅಧ್ಯಯನ. ತಾವಾಗಿಯೇ ಸಾಮಾನ್ಯ ಆಸ್ಪತ್ರೆಗೆ ಬಂದ ಕೆಮ್ಮಿನ ರೋಗಿಯ ಕಫವನ್ನು ಅಲ್ಲಿಯೇ ಪರೀಕ್ಷಿಸಬೇಕು ಎಂಬ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ಮೂಲ ತತ್ತ್ವಕ್ಕೆ ಬಲ ಬಂದದ್ದು ಇಂಥ ಕೆಲಸದಿಂದ.

ಈಗ ಊಟದ ವಿಷಯ. ಮದರಾಸಿನ ಫಲಿತಾಂಶಕ್ಕೆ ಒಂದು ಕೆಟ್ಟ ನೆರಳೂ ಇತ್ತು. ಮಾತ್ರೆ ಸಾಕು, ಊಟ ಮುಖ್ಯವಲ್ಲ ಎಂದು ದಶಕಗಳ ಕಾಲ ಅದನ್ನು ಓದಿಕೊಂಡವರಿದ್ದರು. ಆದರೆ ಆ ಅಧ್ಯಯನ ಕೇಳಿದ ಪ್ರಶ್ನೆಯೇ ಬೇರೆ. ಮನೆಯಲ್ಲಿದ್ದೂ ಮಾತ್ರೆಯಿಂದ ವಾಸಿಯಾಗುತ್ತದೆಯೇ ಎಂದಷ್ಟೇ ಅದು ಕೇಳಿತ್ತು. ರೋಗಿಯ ಹೆಂಡತಿ, ಮಕ್ಕಳು, ಮುದಿ ತಂದೆತಾಯಿ ಹೊಟ್ಟೆತುಂಬ ಉಂಡರೆ ಅವರಿಗೆ ರೋಗ ಬರುವುದು ತಪ್ಪುತ್ತದೆಯೇ ಎಂದು ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಭಾವಿಸುವುದು ನೀತಿ ಮಾಡುವವರ ದೊಡ್ಡ ದೋಷ, ಅದಕ್ಕೆ ಬೆಲೆ ತೆತ್ತವರು ಬಡವರು.

ಆ ಪ್ರಶ್ನೆಯನ್ನು ಕೊನೆಗೂ ಕೈಗೆತ್ತಿಕೊಂಡವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಜೊತೆಗಿದ್ದದ್ದು ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ, ಅಂದರೆ ಹಿಂದಿನ ಆ ಮದರಾಸಿನ ಕೇಂದ್ರವೇ! 2019ರಿಂದ 2022ರವರೆಗೆ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ರೋಗಿಗಳು ಮತ್ತು ಅವರ ಮನೆಗಳ 10,345 ಜನರನ್ನು ಅವರು ಗಮನಿಸಿದರು. ರೋಗಿಗಳಲ್ಲಿ ಐವರಿಗೆ ನಾಲ್ವರು ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆಯ ಪಡಿತರ ಎಲ್ಲ ರೋಗಿಗಳಿಗೂ ಸಿಕ್ಕಿತು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ ಉಳಿದ ಸದಸ್ಯರಿಗೂ (ವಯಸ್ಕರಿಗೆ ತಲಾ) ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ ಮತ್ತು ವಿಟಮಿನ್ ಮಾತ್ರೆಗಳನ್ನು ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ತಗ್ಗಿತು. ಇತರರಿಗೆ ಹರಡಬಲ್ಲ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು.

ಇನ್ನೊಂದು ಗುಂಪಿನ ಮನೆಯವರಿಗೆ ಬೇಳೆ ಕೊಡದೆ ನೋಡುತ್ತಾ ಕುಳಿತದ್ದು ನ್ಯಾಯವೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕು. ರೋಗಿಗೆ ಊಟ ಬೇಕೆಂಬುದರಲ್ಲಿ ಸಂದೇಹವಿಲ್ಲದ್ದರಿಂದ ಎರಡೂ ಗುಂಪಿನ ರೋಗಿಗಳಿಗೆ ಕೊಟ್ಟರು. ಸಂದೇಹವಿದ್ದ ಕಡೆ ಮಾತ್ರ ಹೋಲಿಸಿದರು. ಆ ಗೆರೆ ನನಗೆ ಒಪ್ಪಿಗೆ. ಆದರೆ ಉತ್ತರ ಸಿಕ್ಕಮೇಲೂ ಕೊಡದೆ ಇರುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಅಜ್ಜಿಯ ಮಾತು ನಿಜವಾಗಿತ್ತು. ಆದರೆ ಎಷ್ಟು ಬೇಳೆ, ಯಾರಿಗೆ, ಎಷ್ಟು ತಿಂಗಳು, ಅದರಿಂದ ಎಷ್ಟು ರೋಗ ತಪ್ಪೀತು ಎಂದು ಹಣಕಾಸು ಇಲಾಖೆ ಕೇಳಿದಾಗ ಅಜ್ಜಿಯ ಹೆಸರು ಹೇಳಿದರೆ ಕಡತ ವಾಪಸು ಬರುತ್ತದೆ. ಈ ಅಂಕಿಗಳನ್ನು ಇಟ್ಟರೆ ಬೇಡ ಎನ್ನುವವರೇ ಕಾರಣ ಕೊಡಬೇಕಾಗುತ್ತದೆ. 2018ರಿಂದ ಕೇಂದ್ರ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಖಾತೆಗೆ ಬರುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರ್‌ನಿಂದ 1,000 ಆಗಿದೆ. ಮನೆಮಂದಿಗೆ ಮಾತ್ರ ಆಹಾರದ ಕಿಟ್ ಸಿಗುವುದು ನಿಕ್ಷಯ್ ಮಿತ್ರರೆಂಬ ದಾನಿಗಳು ಮುಂದೆ ಬಂದರೆ. ಜಾರ್ಖಂಡ್‌ನಲ್ಲಿ ಸಾಬೀತಾದದ್ದು ಆ ಮನೆಮಂದಿಯ ಊಟದ ಫಲವೇ ಆಗಿರುವಾಗ ಅದನ್ನು ದಾನಕ್ಕೆ ಬಿಟ್ಟದ್ದು ತಪ್ಪು. ಕ್ಷಯ ಪತ್ತೆಯಾದ ಮನೆಯ ಪ್ರತಿಯೊಬ್ಬ ವಯಸ್ಕರಿಗೂ ಆರು ತಿಂಗಳು ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ನ್ಯಾಯಬೆಲೆ ಅಂಗಡಿಯಲ್ಲೇ, ಹಕ್ಕಾಗಿ ಸಿಗಬೇಕು. ಅಕ್ಕಿಯನ್ನೇ ಕೊಡಬಾರದೇ ಎಂದು ನನ್ನನ್ನು ಕೇಳುವವರು ಈ ಬೇಡಿಕೆಯನ್ನು ತಮ್ಮ ಶಾಸಕರ ಮುಂದೆ ಇಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.