ಹೊಸ ಮಕ್ಕಳ ಸ್ವಾಗತ ಮತ್ತು ಮೂರೂಮುಕ್ಕಾಲಿನ ಬಸ್ಸು

ಕಳೆದ ಶನಿವಾರ ತರಗತಿ ಮುಗಿಸಿ ಹಾಸನದ ಹೊಸ ಬಸ್ ನಿಲ್ದಾಣಕ್ಕೆ ಹೋಗಿ ಎರಡು ಗಂಟೆ ಅಲ್ಲೇ ಇದ್ದೆ. ನನಗೆ ಯಾವ ಊರಿಗೂ ಹೋಗುವುದಿರಲಿಲ್ಲ. ಆಲೂರು, ಸಕಲೇಶಪುರ, ಬೇಲೂರು, ಅರಸೀಕೆರೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಗೆ ಮಧ್ಯಾಹ್ನದ ಮೇಲೆ ಯಾವ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದಿತ್ತು. ಪ್ರಥಮ ವರ್ಷದ ಮಕ್ಕಳ ಸ್ವಾಗತ ಕಾರ್ಯಕ್ರಮಕ್ಕೆ ದಿನ ಗೊತ್ತು ಮಾಡುವ ಮುಂಚೆ ಪ್ರತಿ ವರ್ಷವೂ ನಾನು ಮಾಡುವ ಮೊದಲ ಕೆಲಸ ಇದು. ವಿಚಾರಣೆಯ ಕಿಟಕಿಯಲ್ಲಿ ಕುಳಿತವರಿಗೆ ಈಗ ನನ್ನ ಗುರುತಿದೆ. "ಏನು ಮೇಡಂ, ಹೊಸ ಮಕ್ಕಳು ಬಂದರೇ?" ಎಂದು ಅವರೇ ಕೇಳಿದರು.

ನಾನು ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷವಾಯಿತು. ಮೊದಲು ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದೆವು. 2023ರಲ್ಲಿ ಅದರ ಇಲ್ಲಿನ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯಲ್ಲೇ ಹಾಸನ ವಿಶ್ವವಿದ್ಯಾಲಯ ಆದ ಮೇಲೆ ಅದರ ಅಡಿಗೆ ಬಂದೆವು. ಬೋರ್ಡು ಬದಲಾಯಿತು, ಬರುವ ಮಕ್ಕಳು ಅವರೇ. ಒಂದೇ ಬೆಂಚಿನಲ್ಲಿ ಸಕಲೇಶಪುರದ ಕಡೆಯಿಂದ ಒದ್ದೆ ಛತ್ರಿ ಹಿಡಿದು ಬಂದ ಹುಡುಗಿ ಕುಳಿತಿರುತ್ತಾಳೆ. ಅವಳ ಪಕ್ಕದಲ್ಲಿ ಅರಸೀಕೆರೆಯ ಕಡೆಯ ತೆಂಗಿನ ತೋಟದ ಮನೆಯವಳು, ಊರಿನಲ್ಲಿ ಇನ್ನೂ ಮಳೆ ಹಿಡಿದಿಲ್ಲ ಎಂದು ಚಿಂತೆ ಮಾಡುತ್ತಿರುತ್ತಾಳೆ. ಅರ್ಧ ಮಲೆನಾಡು, ಅರ್ಧ ಬಯಲುಸೀಮೆಯಾದ ಈ ಜಿಲ್ಲೆ ಜುಲೈ ತಿಂಗಳಲ್ಲಿ ನಮ್ಮ ಪ್ರಥಮ ವರ್ಷದ ತರಗತಿಯೊಳಗೆ ಹಾಗೇ ಬಂದು ಕೂರುತ್ತದೆ.

ಸ್ವಾಗತ ಕಾರ್ಯಕ್ರಮದ ಹೊಣೆ ನನ್ನ ಮೇಲೆ ಬಂದ ಮೊದಲ ವರ್ಷ ಏನಾಯಿತೆಂದು ಬರೆದುಬಿಡುತ್ತೇನೆ. ಕಾರ್ಯಕ್ರಮ ಮಧ್ಯಾಹ್ನ ಎರಡಕ್ಕೆ ಎಂದು ಇಟ್ಟಿದ್ದೆವು. ಬೆಳಗಿನ ಪಾಠ ತಪ್ಪಬಾರದು ಎಂಬುದು ಎಲ್ಲರ ಅಭಿಪ್ರಾಯ, ನನ್ನದೂ ಅದೇ. ಆಹ್ವಾನ ಪತ್ರಿಕೆಯಲ್ಲಿ ಹನ್ನೊಂದು ಹೆಸರು ಅಚ್ಚಾಗಿದ್ದವು. ಮುಖ್ಯ ಅತಿಥಿಗಳು ಬಂದಾಗ ಮೂರು ದಾಟಿತ್ತು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು ಎಲ್ಲ ಮುಗಿದು ಎರಡನೆಯ ಭಾಷಣ ನಡೆಯುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬೊಬ್ಬರೇ ಎದ್ದರು. ನಾನು ಬಾಗಿಲಿನ ಬಳಿ ನಿಂತಿದ್ದೆ. ಸಣ್ಣ ಹುಡುಗಿಯೊಬ್ಬಳು, ಚೀಲವನ್ನು ಆಗಲೇ ಹೆಗಲಿಗೆ ಹಾಕಿಕೊಂಡವಳು, ಬಂದು ತಲೆ ತಗ್ಗಿಸಿ ಕೇಳಿದಳು:

"ಮೇಡಂ, ನಾನು ಹೋಗಬಹುದೇ? ಮೂರೂಮುಕ್ಕಾಲಿನ ಬಸ್ಸು ತಪ್ಪಿದರೆ ಸಕಲೇಶಪುರದಲ್ಲಿ ನಮ್ಮೂರಿನ ಬಸ್ಸು ಸಿಗುವುದಿಲ್ಲ."

ಹೋಗಮ್ಮಾ ಎಂದೆ. ಅವಳ ಹಿಂದೆ ಹತ್ತು ಮಂದಿ, ಅವರ ಹಿಂದೆ ಇಪ್ಪತ್ತು ಮಂದಿ. ಭಾಷಣಗಳು ಮುಗಿದು ಹೊಸ ಮಕ್ಕಳಿಗೆ ಹೂವು ಕೊಡುವ ಹೊತ್ತಿಗೆ ಹೊಸ ಮಕ್ಕಳೇ ಇರಲಿಲ್ಲ. ಉಳಿದವರು ಹಾಸನ ಪಟ್ಟಣದವರು ಮತ್ತು ಹಾಸ್ಟೆಲಿನವರು. ತಿಂಡಿ ಕೊನೆಯಲ್ಲಿ ಎಂದು ಇಟ್ಟಿದ್ದೆವು. ಪಕ್ಕದ ಕೋಣೆಯಲ್ಲಿ ಅಡಿಕೆ ಹಾಳೆಯ ದೊನ್ನೆಗಳಲ್ಲಿ ಉಪ್ಪಿಟ್ಟು, ಕೇಸರಿಬಾತು ತುಂಬಿಸಿ ಸಾಲಾಗಿ ಜೋಡಿಸಿದ್ದರು. ಉಪ್ಪಿಟ್ಟು ತಣ್ಣಗಾಗಿ ದೊನ್ನೆಯ ಆಕಾರಕ್ಕೆ ಗಟ್ಟಿ ಕಟ್ಟಿತ್ತು, ಕೇಸರಿಬಾತಿನ ತುಪ್ಪ ಹೆಪ್ಪುಗಟ್ಟಿ ಅಂಚಿಗೆ ಬೆಳ್ಳಗೆ ನಿಂತಿತ್ತು. ಎಣಿಸಿದೆ, ತೊಂಬತ್ತನಾಲ್ಕು ದೊನ್ನೆ. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟು ಬಂದ ತೊಂಬತ್ತನಾಲ್ಕು ಮಕ್ಕಳು ಏನೂ ತಿನ್ನದೆ, ತಮ್ಮ ಸ್ವಾಗತವನ್ನೂ ನೋಡದೆ ಊರಿಗೆ ಹೋಗಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವರ್ಷದಿಂದ ಕಾರ್ಯಕ್ರಮ ಬೆಳಗ್ಗೆ ಹತ್ತೂವರೆಗೆ. ಹನ್ನೆರಡೂಮುಕ್ಕಾಲಿಗೆ ಊಟ, ಒಂದೂವರೆಗೆ ಎಲ್ಲರೂ ಬಿಡುವು. ವೇದಿಕೆಯ ಮೇಲೆ ಮಾತನಾಡುವವರು ಇಬ್ಬರೇ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ, ಹಿರಿಯರು ಕೆಲವರು ಬೇಸರ ಮಾಡಿಕೊಂಡರು. ಆಗ ನಾನು ಬಸ್ಸಿನ ವೇಳೆ ಬರೆದ ಹಾಳೆಯನ್ನು ಸಭೆಯಲ್ಲಿ ಎಲ್ಲರ ಮುಂದೆ ಇಟ್ಟೆ. ಅದನ್ನು ನೋಡಿದ ಮೇಲೆ ಯಾರೂ ಹೆಚ್ಚು ವಾದ ಮಾಡಲಿಲ್ಲ.

ವೇಳೆಯಷ್ಟೇ ದಿನಾಂಕವೂ ಮುಖ್ಯ. ನಮ್ಮ ಕಡೆ ಮೇ, ಜೂನ್‌ನಲ್ಲಿ ನೆಟ್ಟ ಆಲೂಗೆಡ್ಡೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೀಳಲು ಬರುತ್ತದೆ. ಅಂಗಮಾರಿ ರೋಗ ಬಿದ್ದ ವರ್ಷವಂತೂ ಇದ್ದಷ್ಟನ್ನು ಬೇಗ ಕಿತ್ತು ಮಾರುವ ಅವಸರ. ಆ ದಿನಗಳಲ್ಲಿ ಮನೆಯ ದೊಡ್ಡ ಮಕ್ಕಳು ಕಾಲೇಜಿಗೆ ಬರುವುದಿಲ್ಲ, ಬರಲಿ ಎಂದು ನಾವು ಬಯಸುವುದೂ ಸರಿಯಲ್ಲ. ಇನ್ನು ಆಶ್ವೀಜದ ಹುಣ್ಣಿಮೆಯಾದ ಮೇಲಿನ ಗುರುವಾರ ಹಾಸನಾಂಬೆಯ ಬಾಗಿಲು ತೆಗೆದರೆ ಬಲಿಪಾಡ್ಯಮಿ ಕಳೆಯುವವರೆಗೆ ಪಟ್ಟಣದೊಳಗೆ ಕಾಲಿಡಲು ಜಾಗವಿರುವುದಿಲ್ಲ, ಬಸ್ಸುಗಳೆಲ್ಲ ಭಕ್ತರಿಂದ ತುಂಬಿರುತ್ತವೆ. ನವೆಂಬರ್ ಬಂತೆಂದರೆ ಮಲೆನಾಡಿನ ಕಡೆ ಕಾಫಿ ಕೊಯ್ಲು. ಹಾಗಾಗಿ ತರಗತಿ ಶುರುವಾದ ಎರಡನೆಯ ವಾರ, ಬುಧವಾರ ಅಥವಾ ಗುರುವಾರ ಎಂದು ನಾನು ಹಿಡಿದುಕೊಂಡಿದ್ದೇನೆ. ಅಷ್ಟರಲ್ಲಿ ಮಕ್ಕಳಿಗೆ ಕಟ್ಟಡದ ದಾರಿ ತಿಳಿದಿರುತ್ತದೆ, ಆದರೆ ಗೆಳೆತನಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಯಾರ ಪಕ್ಕದಲ್ಲಿ ಬೇಕಾದರೂ ಕೂರಿಸಬಹುದು.

ಪ್ರಚಾರದ ವಿಷಯದಲ್ಲಿ ನಾನು ಕಲಿತದ್ದು ಇದಕ್ಕಿಂತ ದೊಡ್ಡದು. ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಎಲ್ಲರಿಗೂ ತಲುಪಿತು ಎಂದು ಬಹಳ ದಿನ ನಂಬಿದ್ದೆ. ಒಂದು ವರ್ಷ ಕಾರ್ಯಕ್ರಮದ ಹಿಂದಿನ ಸಂಜೆ ನನಗೆ ಒಂದು ಕರೆ ಬಂತು. ಗಂಡಸಿನ ದನಿ, ಹಿಂದೆ ಟ್ರ್ಯಾಕ್ಟರಿನ ಸದ್ದು.

"ಮೇಡಂ, ನಾಳೆ ಏನೋ ಸಮಾರಂಭ, ಸೀರೆ ಉಟ್ಟುಕೊಂಡು ಬನ್ನಿ ಎಂದು ನನಗೆ ಮೆಸೇಜು ಬಂದಿದೆ. ಇದು ನನ್ನ ಮಗಳಿಗಲ್ಲವೇ?"

ಪ್ರವೇಶದ ಅರ್ಜಿಯಲ್ಲಿ ಮಕ್ಕಳು ಕೊಟ್ಟಿದ್ದು ಅಪ್ಪನ ನಂಬರು, ಅಣ್ಣನ ನಂಬರು. ನಾವು ಗುಂಪು ಮಾಡಿದ್ದು ಅದೇ ನಂಬರುಗಳಿಂದ. ಅಂದರೆ ನಮ್ಮ ಬಣ್ಣದ ಪೋಸ್ಟರುಗಳೆಲ್ಲ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಅಪ್ಪಂದಿರ ಜೇಬಿಗೆ ಹೋಗುತ್ತಿದ್ದವು. ಕೆಲವರು ಮನೆಗೆ ಬಂದು ಹೇಳುತ್ತಿದ್ದರು, ಕೆಲವರಿಗೆ ಓದಲು ಬಾರದು, ಕೆಲವರು ಇದೆಲ್ಲ ಏಕೆ ಎಂದು ಸುಮ್ಮನಿರುತ್ತಿದ್ದರು. ಜೊತೆಗೆ ಆ ಸೀರೆಯ ಮಾತು. ಒಳ್ಳೆಯ ಸೀರೆ ಇಲ್ಲದ ಹುಡುಗಿ ಆ ದಿನ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತಾಳೆ ಎಂಬುದು ನನ್ನಂಥವಳಿಗೆ ಮೊದಲೇ ಹೊಳೆಯಬೇಕಿತ್ತು. ನಾನೂ ಆಲೂರು ತಾಲ್ಲೂಕಿನ ಹಳ್ಳಿಯಿಂದ ಬಸ್ಸು ಹಿಡಿದು ಬಂದು ಓದಿದವಳೇ.

ಈಗ ನಾವು ಚೀಟಿ ಕೊಡುತ್ತೇವೆ. ಎ4 ಹಾಳೆಯನ್ನು ನಾಲ್ಕು ಭಾಗ ಮಾಡಿದ ಸಣ್ಣ ಚೀಟಿ, ಜೆರಾಕ್ಸ್ ಮಾಡಿಸಿದ್ದು. ಮೇಲೆ ಖಾಲಿ ಗೆರೆ, ಅಲ್ಲಿ ಹುಡುಗನದೋ ಹುಡುಗಿಯದೋ ಹೆಸರನ್ನು ಕೈಯಲ್ಲೇ ಬರೆಯುತ್ತೇವೆ. ಕೆಳಗಿನ ಮಾತು ಹೀಗಿದೆ: "ನಿಮ್ಮನ್ನು ಬರಮಾಡಿಕೊಳ್ಳಲು ಬುಧವಾರ ಬೆಳಗ್ಗೆ ಹತ್ತೂವರೆಗೆ ಸಭಾಂಗಣದಲ್ಲಿ ಸೇರುತ್ತೇವೆ. ಊಟ ಇದೆ. ದುಡ್ಡು ಕೊಡಬೇಕಾಗಿಲ್ಲ. ದಿನವೂ ಹಾಕುವ ಬಟ್ಟೆಯಲ್ಲೇ ಬನ್ನಿ. ಹಾಡು, ಕುಣಿತ ಇಷ್ಟವಿದ್ದವರಿಗೆ ಮಾತ್ರ. ಒಂದೂವರೆಗೆ ಮುಗಿಯುತ್ತದೆ." ಹೊಸ ಮಗುವಿನ ಮನಸ್ಸಿನಲ್ಲಿ ಕುದಿಯುವ ಪ್ರಶ್ನೆಗಳು ಇವೇ. ಹನ್ನೊಂದು ಗಣ್ಯರ ಹೆಸರಿದ್ದ ನಮ್ಮ ಹಳೆಯ ಆಹ್ವಾನ ಪತ್ರಿಕೆ ಇವುಗಳಲ್ಲಿ ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ.

ಚೀಟಿಯ ಹಿಂಬದಿಯಲ್ಲಿ ರ‍್ಯಾಗಿಂಗ್ ವಿರೋಧಿ ಸಹಾಯವಾಣಿಯ ನಂಬರು, 1800-180-5522. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಗಳು ಬಂದು ಇಷ್ಟು ವರ್ಷವಾದರೂ, ಹೊಸಬರನ್ನು ವೇದಿಕೆಗೆ ಎಳೆದು ಹಾಡಿಸುವುದು, ಕುಣಿಸುವುದು ಬರಿಯ ತಮಾಷೆ ಎಂದು ತಿಳಿದವರು ಈಗಲೂ ಇದ್ದಾರೆ. ನನ್ನ ಕಾರ್ಯಕ್ರಮದಲ್ಲಿ ಅದಕ್ಕೆ ಜಾಗವಿಲ್ಲ. ಇದನ್ನು ಹಿರಿಯ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಣ್ಣಿನಲ್ಲಿ ಕಣ್ಣಿಟ್ಟು ಹೇಳುತ್ತೇನೆ.

ಚೀಟಿ ಹಂಚುವವರೂ ಅವರೇ, ಅದೂ ತಾಲ್ಲೂಕಿನ ಪ್ರಕಾರ. ಬೇಲೂರಿನ ಕಡೆಯ ಹೊಸಬರಿಗೆ ಬೇಲೂರಿನ ಕಡೆಯ ಎರಡನೆಯ ವರ್ಷದವರು, ಅರಕಲಗೂಡಿನವರಿಗೆ ಅರಕಲಗೂಡಿನವರು. "ಯಾವ ಊರು? ನಾವೂ ಆ ಬಸ್ಸಿನಲ್ಲೇ ಬರುವುದು" ಎಂದರೆ ಸಾಕು, ಮಾತು ತಾನಾಗಿ ಮುಂದೆ ಹೋಗುತ್ತದೆ. ಬೋರ್ಡಿನ ಮೇಲೆ ಅಂಟಿಸಿದ ಪೋಸ್ಟರಿನಿಂದ ಇಂಥದ್ದು ಆಗಿದ್ದನ್ನು ನಾನು ಕಾಣೆ. ಪೋಸ್ಟರನ್ನೂ ಅಂಟಿಸುತ್ತೇವೆ, ಬರೆಯುವ ಕೈಗಳಿಗೆ ಅದರಿಂದ ಸಂತೋಷ.

ಇನ್ನೊಂದು ಸಂಗತಿ. ಮಕ್ಕಳು ತಪ್ಪದೆ ಬರಬೇಕೆಂದರೆ ಅವರಿಗೆ ಆ ದಿನ ಬೇಕಾದದ್ದು ಅಲ್ಲಿ ಸಿಗಬೇಕು. ಹೊಸಬರಿಗೆ ಆ ವಾರಗಳಲ್ಲಿ ತಲೆಯ ಮೇಲಿರುವ ಭಾರ ವಿದ್ಯಾರ್ಥಿವೇತನದ್ದು. ಎಸ್‌ಎಸ್‌ಪಿ ಎಂಬ ರಾಜ್ಯ ವಿದ್ಯಾರ್ಥಿವೇತನದ ಜಾಲತಾಣದಲ್ಲಿ ಅರ್ಜಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಇನ್ನೊಂದು ಕಡೆ ಪ್ರವೇಶ, ಪರೀಕ್ಷೆಗಳ ಜಾಲತಾಣವಾದ ಯುಯುಸಿಎಂಎಸ್ ನೋಂದಣಿ, ಅದರ ಪಾಸ್‌ವರ್ಡ್ ಮರೆತವರ ಕಣ್ಣೀರು. ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ನಾಲ್ಕು ಮೇಜು ಹಾಕಿಸಿ, ಕಂಪ್ಯೂಟರ್ ತಿಳಿದ ಹಿರಿಯ ವಿದ್ಯಾರ್ಥಿಗಳನ್ನು ಕೂರಿಸಿದೆವು. ಅಂದು ಹತ್ತು ಗಂಟೆಗೇ ಸಾಲು ನಿಂತಿತು. ಯುಜಿಸಿ 2019ರಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ದೀಕ್ಷಾರಂಭ ಎಂಬ ಮಾರ್ಗದರ್ಶಿಯನ್ನೇ ಹೊರತಂದಿದೆ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮಕ್ಕಳಿಗೆ ನೆರವಾಗಬೇಕು ಎಂಬುದು ಅದರ ಆಶಯ. ನನ್ನ ಮಟ್ಟಿಗೆ ಆ ನೆರವು ಈ ಮೇಜುಗಳಿಂದ ಶುರುವಾಗುತ್ತದೆ.

ವೇದಿಕೆಯ ಭಾಗ ಚಿಕ್ಕದು. ಒಂದು ಡಬ್ಬಿ ಇಟ್ಟು, ನಿಮಗೆ ಏನು ಬರುತ್ತದೆ ಎಂದು ಒಂದು ಸಾಲು ಬರೆದು ಹಾಕಿ ಎನ್ನುತ್ತೇವೆ, ಹೆಸರು ಬೇಕಿಲ್ಲ. ಆಮೇಲೆ ಒಂದೊಂದನ್ನೇ ತೆಗೆದು ಗಟ್ಟಿಯಾಗಿ ಓದುತ್ತೇನೆ. ಟ್ರ್ಯಾಕ್ಟರ್ ಓಡಿಸುತ್ತೇನೆ. ಕಾಫಿ ಹಣ್ಣು ಬಿಡಿಸುವುದರಲ್ಲಿ ನನ್ನ ಕೈ ಬೇಗ. ಅಜ್ಜಿಯ ಹತ್ತಿರ ಸೋಬಾನೆ ಪದ ಕಲಿತಿದ್ದೇನೆ. ಎಮ್ಮೆಗೆ ಹೆರಿಗೆ ಮಾಡಿಸಿದ್ದೇನೆ. ಇದನ್ನು ಓದಿದಾಗ ಸಭಾಂಗಣವೆಲ್ಲ ಚಪ್ಪಾಳೆ. ಹೋದ ವರ್ಷ ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಹೀಗಿತ್ತು: "ನನಗೆ ಏನೂ ಬರುವುದಿಲ್ಲ. ಆದರೆ ದಿನಾ ಬರುತ್ತೇನೆ." ಓದುತ್ತಾ ನನ್ನ ಗಂಟಲು ಕಟ್ಟಿತು. ಬರೆದವರು ಯಾರೆಂದು ನಾನು ಹುಡುಕಲಿಲ್ಲ. ಆ ಚೀಟಿ ಈಗಲೂ ನನ್ನ ಹಾಜರಿ ಪುಸ್ತಕದೊಳಗಿದೆ.

ಎರಡು ವಾರ ಬಿಟ್ಟು ಒಂದು ಶನಿವಾರ ದೊಡ್ಡಗದ್ದವಳ್ಳಿಗೆ ಹೋಗುತ್ತೇವೆ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಸಂತೋಷ. ಆದರೆ ಅಲ್ಲಿನ ಜನಸಂದಣಿಯಲ್ಲಿ ಹೊಸ ಮಕ್ಕಳು ಒಬ್ಬರ ಜೊತೆ ಒಬ್ಬರು ಮಾತನಾಡಲು ಆಗುವುದಿಲ್ಲ. ದೊಡ್ಡಗದ್ದವಳ್ಳಿ ಬೇಲೂರಿನ ದಾರಿಯಲ್ಲಿ ಹತ್ತಿರದಲ್ಲೇ ಇದೆ. ಕೆರೆಯ ಪಕ್ಕದಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮಿಯ ದೇವಸ್ಥಾನ, 12ನೇ ಶತಮಾನದಲ್ಲಿ ಒಬ್ಬ ವ್ಯಾಪಾರಿ ಮತ್ತು ಅವನ ಹೆಂಡತಿ ಕಟ್ಟಿಸಿದ್ದು. ರಾಜರಲ್ಲದವರು ಕಟ್ಟಿಸಿದರು ಎಂದು ಅರ್ಥಶಾಸ್ತ್ರದ ಮೇಷ್ಟ್ರಾಗಿ ನಾನು ಒತ್ತಿ ಹೇಳುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಖರ್ಚಿಲ್ಲ, ಆಧಾರ್ ಕಾರ್ಡ್ ತನ್ನಿ ಎಂದು ಮಾತ್ರ ನೆನಪಿಸುತ್ತೇವೆ. ಹುಡುಗರ ಟಿಕೆಟಿಗೆ ಉಪನ್ಯಾಸಕರು ಕೈಲಾದಷ್ಟು ಹಾಕುತ್ತೇವೆ. ಬುತ್ತಿ ಅವರವರದು. ಕೆರೆಯ ಏರಿಯ ಹತ್ತಿರ ಕುಳಿತು ಬಿಚ್ಚಿದಾಗ ಅಕ್ಕಿರೊಟ್ಟಿಯೂ ರಾಗಿಮುದ್ದೆಯ ನಾಡಿನ ಚಿತ್ರಾನ್ನವೂ ಕೈಯಿಂದ ಕೈಗೆ ಹೋಗುತ್ತವೆ.

ಅಂದು ಟ್ರ್ಯಾಕ್ಟರಿನ ಸದ್ದಿನ ನಡುವೆ ಕರೆ ಮಾಡಿದ್ದ ಆ ತಂದೆ ಮರುದಿನ ಮಗಳ ಜೊತೆ ತಾವೂ ಬಂದಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು. ಹೊರಗೆ ಮರದ ಕೆಳಗೆ ನಿಂತಿದ್ದರು. ಒಳಗೆ ಬನ್ನಿ ಅಣ್ಣಾ ಎಂದೆ. "ನಾವೂ ಒಳಗೆ ಬರಬಹುದೇ ಮೇಡಂ? ಕಾಲೇಜಿನ ಒಳಗೆ ಇದೇ ಮೊದಲು" ಎಂದರು. ಕೊನೆಯ ಸಾಲಿನಲ್ಲಿ ಕೈ ಕಟ್ಟಿಕೊಂಡು ಕುಳಿತು ಪೂರ್ತಿ ನೋಡಿದರು. ಊಟವಾದ ಮೇಲೆ ಕುರ್ಚಿಗಳನ್ನು ಮಡಿಸಿ ಇಡಲು ನಮ್ಮ ಹುಡುಗರ ಜೊತೆ ಕೈ ಹಾಕಿದರು, ಬೇಡವೆಂದರೂ ಕೇಳಲಿಲ್ಲ.

ಈ ವರ್ಷದ ಚೀಟಿಗೆ ಒಂದು ಸಾಲು ಸೇರಿಸಿದ್ದೇನೆ: "ಮನೆಯವರೂ ಬರಬಹುದು." ಶಾಮಿಯಾನದವರಿಗೆ ಮೂವತ್ತು ಕುರ್ಚಿ ಹೆಚ್ಚು ಹೇಳಿಯಾಗಿದೆ. ಅಡುಗೆಯವರು ಅಕ್ಕಿ ಎಷ್ಟು ಎಂದು ಸೋಮವಾರದೊಳಗೆ ತಿಳಿಸಿ ಎಂದಿದ್ದಾರೆ. ಅರಸೀಕೆರೆಯ ಕಡೆಯ ಹೊಸಬರಿಗೆ ಚೀಟಿ ಕೊಡಲು ಎರಡನೆಯ ವರ್ಷದ ಹುಡುಗಿಯೊಬ್ಬಳು ಇನ್ನೂ ಬೇಕು. ನಾಳೆ ಮೊದಲ ತರಗತಿಯಲ್ಲೇ ಕೇಳುತ್ತೇನೆ.